ಗಂಧಕದೊಳಗೆ ಹರಿದ ಕರೆಂಟು

ದೊಡ್ಡಪ್ಪನಿಗೆ ನಮಸ್ಕಾರಗಳು.

ಇಲ್ಲಿ ನಮ್ಮ ಲ್ಯಾಬಿನಲ್ಲಿ ಗಂಧಕದ ಒಂದು ಕಣವನ್ನು ಎರಡು ವಜ್ರಗಳ ನಡುವೆ ಇಟ್ಟು ಹಿಂಡುತ್ತೇವೆ. ಕರೆಂಟನ್ನೇ ಹರಿಯಬಿಡದ ಗಂಧಕ ಆ ಒತ್ತಡಕ್ಕೆ ಲೋಹದಂತಾಗುತ್ತದೆ. ವಿಪರೀತ ತಣಿಸಿದರೆ ಚೂರೂ ತಡೆಯಿಲ್ಲದೆ ಕರೆಂಟು ಹರಿಯುತ್ತದೆ. ಆದರೆ ಅದನ್ನು ಅಳೆಯಲು ಆ ಕಣಕ್ಕೆ ಕೂದಲಿಗಿಂತ ಸಣ್ಣ ತಂತಿ ಕೂರಿಸಲು ಎರಡು ತಿಂಗಳಾದರೂ ಯಾರಿಂದಲೂ ಆಗಿರಲಿಲ್ಲ. “ಈ ಸಲವೂ ಕೆಟ್ಟರೆ ಕೈಬಿಡೋಣ” ಅಂದರು ಮೇಷ್ಟ್ರು. ಆಗ ನಾನು ಚಿಮಟ ಹಿಡಿದೆ. ನಿಮ್ಮ ಗಡಿಯಾರದ ಅಂಗಡಿಯ ಎಣ್ಣೆ ವಾಸನೆ ಮೂಗಿಗೆ ಬಡಿದಂತಾಯಿತು. “ಉಸಿರು ಪೂರ್ತಿ ಬಿಡು, ಆಮೇಲೆ ಮುಳ್ಳು ಕೂರಿಸು ಮಗಳೇ” ಅನ್ನುತ್ತಿದ್ದಿರಲ್ಲ, ಹಾಗೇ ಮಾಡಿದೆ. ತಂತಿ ಕೂತಿತು. ಮಂಗಳವಾರ ತಣಿಸುತ್ತಾ ಹೋದಂತೆ ತಡೆಯ ಅಳತೆ ಸರ್ರನೆ ಸೊನ್ನೆಗಿಳಿಯಿತು.

“ಇದನ್ನ ಎಲ್ಲಿ ಕಲಿತ್ರಿ?” ಅಂದರು ಮೇಷ್ಟ್ರು.

“ನಮ್ಮ ದೊಡ್ಡಪ್ಪನ ಪಕ್ಕ, ಸ್ಟೂಲಿನ ಮೇಲೆ ಕೂತು” ಅಂದೆ.

ನನ್ನ ನೆಗಡಿ ವಾಸಿಯಾಗಿದೆ. ನೀವು ಕಣ್ಣಿನ ಆಪರೇಷನ್ ಮುಂದೂಡಬೇಡಿ. ಈಗ ಎಲ್ಲರಿಗೂ ತಂತಿ ಕೂರಿಸುವುದನ್ನು ನಾನೇ ಕಲಿಸುತ್ತಿದ್ದೇನೆ. ನಿನ್ನೆ ಒಬ್ಬಳಿಗೆ “ಅವಸರ ಇದ್ರೆ ಎದ್ದು ಹೋಗು!” ಎಂದು ಥೇಟ್ ನಿಮ್ಮ ದನಿಯಲ್ಲೇ ಗದರಿ, ನಾನೇ ಹೊರಗೆ ಹೋಗಿ ಅತ್ತುಬಿಟ್ಟೆ.

ಕಾರ್ಡು ತುಂಬಿತು.

ನಿಮ್ಮ ಚೋಟು