ಗಾಳಿ ಒಯ್ದ ಯೂರಿಯಾಕ್ಕೆ ನನ್ನ ಮೇಲೆ ನೋಟಿಸು

ಗೊಬ್ಬರ ಹಂಚಿಕೆಯ ಅಧಿಕಾರಿಗಳೇ,

ನಾನು ಯೂರಿಯಾ ಕದ್ದಿಲ್ಲ. ಆದರೆ ಆಲ್ದೂರಿನ ಹತ್ತಿರದ ನಮ್ಮೂರ ಸೊಸೈಟಿ ಬಾಗಿಲಿಗೆ ನೀವು ಅಂಟಿಸಿದ ನೋಟಿಸಿನಲ್ಲಿ, ಅಖ್ತರ್ ಬಾನು ಎಂಬವರು ರಿಯಾಯಿತಿ ಗೊಬ್ಬರವನ್ನು 'ಬೇರೆಡೆಗೆ ಸಾಗಿಸಿದ್ದಾರೆ' ಎಂದಿದೆ. ತೋಟಕ್ಕೆ ಹಾಕಿಲ್ಲ ಎನ್ನುವುದಕ್ಕೆ ನನ್ನ ಕಾಫಿ ಗಿಡದ ಎಲೆ ಹಳದಿಯಾಗಿರುವುದೇ ಪುರಾವೆಯಂತೆ!

ಕಳೆದ ಮಾರ್ಚ್ ನೆನಪಿದೆಯೇ? ತಪಾಸಣೆಗೆಂದು ಎರಡು ಸಲ ಜೀಪು ಗುಡ್ಡ ಹತ್ತಿಸುವ ತಾಪತ್ರಯ ಬೇಡವೆಂದು ಸುಣ್ಣವನ್ನೂ ಯೂರಿಯಾವನ್ನೂ ಒಂದೇ ದಿನ ಎರಚಿಸಿದವರು ತಾವು. "ಸರ್, ಸುಣ್ಣ ಹಾಕಿ ಒಂದು ತಿಂಗಳಾದ್ರೂ ಬಿಡ್ಬೇಕು. ಆಮೇಲೆ ಒಳ್ಳೆ ಮಳೆ ನೋಡಿ ಯೂರಿಯಾ" ಎಂದು ಸೊಸೈಟಿಯಲ್ಲೇ ಹೇಳಿದೆ. "ನನಗೇ ಪಾಠ ಹೇಳ್ತೀರಾ?" ಎಂದಿರಿ. ಹಿಂದಿನ ದಿನದ ನಾಲ್ಕು ಹನಿಗೆ ನೆಲ ಒದ್ದೆಯಾಗಿತ್ತು, ಮೇಲೆ ಸುಡುಬಿಸಿಲು. ಮರುದಿನ ತಾವು ತಪಾಸಣೆಗೆ ಬಂದಾಗ ಕೆಲಸದ ರಂಗಮ್ಮ ಕಣ್ಣುಜ್ಜಿಕೊಂಡು, "ಅಮ್ಮಾ, ಇದೇನು ತೋಟವೋ, ಗುಡಿಸ್ದೇ ಇರೋ ಕೊಟ್ಟಿಗೆಯೋ?" ಎಂದಳು. ತಾವು ಕರವಸ್ತ್ರದೊಳಗಿಂದಲೇ, "ವಾಸನೆ ಬಂತು ಅಂದ್ರೆ ಗೊಬ್ಬರ ಕೆಲಸ ಶುರು ಮಾಡ್ತು ಅಂತ" ಎಂದು ಅಪ್ಪಣೆ ಕೊಡಿಸಿ, 'ಸಮರ್ಪಕ' ಎಂದು ಸಹಿ ಹಾಕಿದಿರಿ.

ಅದು ಅಮೋನಿಯಾ, ಸ್ವಾಮಿ, ಸುಣ್ಣ ತಾಗಿದ ಯೂರಿಯಾದಿಂದ ಎದ್ದದ್ದು. ಗಿಡಕ್ಕೆ ಸೇರಬೇಕಾದ ಸಾರಜನಕ ನಮ್ಮ ಮೂಗಿನ ಮುಂದೆಯೇ ಹಾರಿಹೋಗುತ್ತಿತ್ತು. ಹೋದದ್ದು ಸುಮ್ಮನೆ ಹೋಗಲಿಲ್ಲ. ಮಳೆಯ ಜೊತೆ ಹಳ್ಳದಾಚೆಯ ಕಾಡಿಗೂ ಇಳಿಯಿತು. ಅಲ್ಲಿ ಲಂಟಾನ ಕಳೆ ಈ ವರ್ಷ ಆಳೆತ್ತರ ಬೆಳೆದಿದೆ. ಕದ್ದ ಮಾಲು ಇಟ್ಟುಕೊಂಡಿದ್ದಕ್ಕೆ ಕಾಡಿಗೂ ಒಂದು ನೋಟಿಸು ಕೊಡುತ್ತೀರಾ? ಹಾಗೆಯೇ ನನ್ನ ತೋಟದ ಹಾಲುವಾಣ ಮರಗಳು ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದು ಮಣ್ಣಿಗೆ ಸೇರಿಸುತ್ತಿವೆ. ಇದಕ್ಕೆ ನಿಮ್ಮ ಪರ್ಮಿಟ್ ಪಡೆದಿಲ್ಲ. ಅದನ್ನೂ ತನಿಖೆಗೆ ಸೇರಿಸಿಕೊಳ್ಳಿ.

ತಮಾಷೆ ಸಾಕು. ನನ್ನ ಮಗಳು ಹುಸ್ನಾ ಶಾಲೆಯ ಬಸ್ಸಿಗೆ ಕಾಯುವುದು ಆ ಸೊಸೈಟಿ ಬಾಗಿಲ ಎದುರಿಗೇ. ಈಚೆಗೆ ಓದಲು ಕಲಿತಿದ್ದಾಳೆ, ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಾಳೆ. ಸೋಮವಾರ ಆ ನೋಟಿಸು ಓದಿ, ಅದರರ್ಥ ಅಲ್ಲಿದ್ದವರಿಂದ ಕೇಳಿಕೊಂಡು ಬಂದವಳೇ, "ಅಮ್ಮೀ, ನಾವು ಕದ್ದಿದ್ದೇವಾ?" ಎಂದಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಆದ್ದರಿಂದ ನೋಟಿಸನ್ನು ತಾವೇ ಬಂದು, ತಮ್ಮ ಕೈಯಿಂದಲೇ ಕೀಳಬೇಕು. ಅದೇ ಜಾಗದಲ್ಲಿ 'ತಪ್ಪು ನನ್ನದು' ಎಂದು ಬರೆದು ಅಂಟಿಸಬೇಕು. ಅಕ್ಷರ ದಪ್ಪಗಿರಲಿ, ಒತ್ತಕ್ಷರ ಹೆಚ್ಚು ಬೇಡ. ಓದುವವಳು ಒಂದನೇ ಕ್ಲಾಸು.

ಇಂತಿ,
ಗಾಳಿಗೆ ಕೋಳ ತೊಡಿಸಲಾಗದ್ದಕ್ಕೆ ತಮ್ಮ ಕೈಗೆ ಸಿಕ್ಕಿಬಿದ್ದ,
ಅಖ್ತರ್ ಬಾನು
ಅಕ್ಟೋಬರ್ ೨೦೦೨