ತಾಂಡೂರಿನಲ್ಲಿ ನಗು ಬಂತು

ನೆಗೆಣ್ಣಿ ಗುರುಲಿಂಗಮ್ಮಕ್ಕನಿಗೆ ವಾಣಿಶ್ರೀಯ ಶರಣು.

ತಂಗಿಯ ಮನೆ ತಲುಪಿದ್ದೇನೆ. ಇಲ್ಲಿ ಮೋರಿ ಮುಚ್ಚುವುದಕ್ಕೂ ಕಲ್ಲಿನ ಚಪ್ಪಡಿಯೇ. ಪಕ್ಕದ ಮನೆಯ ಬಾಲಮಣಿ ಕಲ್ಲು ಪಾಲಿಶ್ ಕೆಲಸ ಮುಗಿಸಿ, ಮುಖಕ್ಕೆಲ್ಲ ಧೂಳು ಮೆತ್ತಿ ಬೂದಿ ಬಳಿದಂತೆ ಬಂದಳು. ನಾನು ಬೆಚ್ಚಿಬಿದ್ದೆ.

"ಈಗೇ ಹೆದರಬ್ಯಾಡ್ರಿ ಅಕ್ಕಾ. ಮಾರಿ ತೊಳ್ಕೊಂಡ್ ಬರ್ತೀನಿ, ಆಮ್ಯಾಲ ಹೆದರ್ರಿ!" ಅಂದಳು.

ನಕ್ಕುಬಿಟ್ಟೆ. ನಮ್ಮವರು ತೀರಿಕೊಂಡ ಮೇಲೆ ಇದೇ ಮೊದಲು. ಅಳು ಬಂದರೆ ತಡೆಯಬೇಡಿ ಎಂದು ಮನಸ್ಸಿನ ಡಾಕ್ಟರು ಹೇಳಿದ್ದರು. ನಗು ಬಂದರೆ ಏನು ಮಾಡಬೇಕೆಂದು ಕೇಳಲು ನನಗೆ ಹೊಳೆದಿರಲಿಲ್ಲ. ನಕ್ಕದ್ದು ಸರಿಯೋ ತಪ್ಪೋ ತಿಳಿಯುತ್ತಿಲ್ಲ.

ಗುಳಿಗೆಯಿಂದ ನಿದ್ದೆ ಬರುತ್ತಿದೆ, ಚಿಂತಿಸಬೇಡಿ. ಅತ್ತೆಗೆ ಕಾರ್ಡು ಓದಿ ಹೇಳುವಾಗ ನಕ್ಕ ಸಂಗತಿ ಬಿಟ್ಟುಬಿಡಿ, ಮಗನನ್ನು ಕಳೆದುಕೊಂಡವರು.

ಬೇಡಕ್ಕಾ, ಅದನ್ನೂ ಓದಿ. ಬಾಲಮಣಿ ಅಂದದ್ದನ್ನು ಅವಳ ಧಾಟಿಯಲ್ಲೇ ಹೇಳಿ.

ಜಾಗ ಮುಗಿಯಿತು.
ವಾಣಿಶ್ರೀ