ಕೊರಳಿನ ಅಳತೆ

ಐನಾಪುರ, ೧೯೮೮

ಕುಸ್ತಿ ಕಲಿಸಿದ ವಸ್ತಾದರಿಗೆ ನಿಮ್ಮ ಪೈಲವಾನ ಧರೆಪ್ಪನ ನಮಸ್ಕಾರ.

ನೀವು ತೀರಿಕೊಂಡು ವರ್ಷವಾಯಿತು. ನಾನು ಕುಸ್ತಿ ಬಿಟ್ಟಿದ್ದೇನೆ. ಬರುವ ಸೋಮವಾರದಿಂದ ಉಗಾರದ ಸಕ್ಕರೆ ಕಾರ್ಖಾನೆಯಲ್ಲಿ ಗೇಟು ಕಾಯುವ ಕೆಲಸ. ಬಾದಾಮಿ ತಿನ್ನುವುದು ನಿಲ್ಲಿಸಿದೆ, ಹಾಲು ಅರ್ಧಕ್ಕೆ ಇಳಿಸಿದೆ. ಬೆಳಗ್ಗೆ ತಾಲೀಮಿಗೆ ಹೋಗುವ ಬದಲು ಹೊಳೆಯ ದಾರಿಯಲ್ಲಿ ನಡೆಯುತ್ತೇನೆ. ಪೆಟ್ಟಾದ ಮೊಣಕಾಲು ಅಷ್ಟಕ್ಕೆ ಮಾತ್ರ ಒಪ್ಪುತ್ತದೆ.

ಇವತ್ತು ಖಾಕಿ ಅಂಗಿ ಹೊಲಿಸಲು ಹೆಂಡತಿ ಕಸ್ತೂರೆವ್ವನೊಡನೆ ಹೋಗಿದ್ದೆ. ಶಿಂಪಿ ಬಾಬುರಾಯರು ನನ್ನ ಕೊರಳಿಗೆ ಟೇಪು ಸುತ್ತಿ ನಕ್ಕರು.

"ಪೈಲವಾನ್ರ, ಕುಸ್ತಿ ಬಿಟ್ಟ ಮ್ಯಾಲ ಈ ಕೊರಳ ಇಳೀತೈತ್ರಿ. ಕಾಲರ್ ಒಂದೀಟ ಸಣ್ಣ ಹೊಲೀಲೇನ್ರಿ?"

ನನಗೆ ನಿಮ್ಮ ಮಾತು ನೆನಪಾಯಿತು. ನಾನು ಕೊಲ್ಲಾಪುರದ ಕುಸ್ತಿಯಲ್ಲಿ ಬಹುಮಾನದ ಗದೆ ಗೆದ್ದು ತರುವುದನ್ನು ನೋಡಬೇಕೆಂದು ನೀವು ಹಾಸಿಗೆ ಹಿಡಿದಾಗಲೂ ಹೇಳುತ್ತಿದ್ದಿರಿ.

ಕಸ್ತೂರೆವ್ವನೇ ಮುಂದೆ ಬಂದಳು. "ಸಣ್ಣದ ಬ್ಯಾಡ್ರಿ ಕಾಕಾ. ಈಗ ಹೆಂಗ ಅದಾರ, ಹಂಗ ಅಳತಿ ತಗೋರಿ. ಮುಂದ ಸಡ್ಲ ಆದ್ರ ನಾನ ಹೊಲಿಗಿ ಹಾಕ್ತೇನಿ."

ಕುಸ್ತಿ ಬಿಡು ಎಂದು ಮದುವೆಯಾದಾಗಿನಿಂದ ನನ್ನೊಡನೆ ಜಗಳಾಡಿದವಳು ಅವಳೇ, ವಸ್ತಾದರೇ. ಬಾಬುರಾಯರು ಮತ್ತೆ ಟೇಪು ಸುತ್ತಿದರು. ನಾನು ಕತ್ತೆತ್ತಿ ನೆಟ್ಟಗೆ ನಿಂತೆ.